ಹಿಂದಿನ ಸೀಟಿನ ಯಜಮಾನರು

ಎಲೆ ಉದುರುವ ಕಾಲದಲ್ಲಿ ಕಾರು ಹತ್ತಿ, ದಾರಿಯುದ್ದಕ್ಕೂ ಕೆಂಪು ಹಳದಿ ಮರಗಳನ್ನು ನೋಡುತ್ತ, ನಡುನಡುವೆ ನೆಂಟರಿಷ್ಟರಿಗೆ ನಮ್ಮ ದರ್ಶನಭಾಗ್ಯ ಕರುಣಿಸುತ್ತ ಹೋಗೋಣವೆಂಬ ದಿವ್ಯ ಆಲೋಚನೆ ನನ್ನದೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. (ಅಲ್ಲಗಳೆದರೂ ನನ್ನಾಕೆ ಬಿಡುವುದಿಲ್ಲ.)

"ಮೊದಲೇ ಒಂದು ಫೋನ್ ಮಾಡಿ ಹೇಳೋಣ ರೀ," ಎಂದಿದ್ದಳು ಅವಳು.

"ನಿನ್ನ ಸ್ವಂತ ಅಕ್ಕನ ಮನೆಗೆ ಹೋಗೋಕೂ ಅಪ್ಪಣೆ ಬೇಕಾ? ದಿಢೀರಂತ ಹೋಗಿ ನಿಂತ್ರೆ ಅವರ ಮುಖ ಹೇಗೆ ಅರಳುತ್ತೆ, ನೋಡ್ತಿರು!"

ಬಾಗಿಲು ತೆರೆದ ನನ್ನ ಷಡ್ಡಕರ ಮುಖ ಅರಳಲಿಲ್ಲ. ಹುಳಿ ಹಣ್ಣು ಕಚ್ಚಿದಂತಿತ್ತು. ಆ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಒಂದೇ ಮೇಜಿನ ಆಚೆ ಈಚೆ ಕೂತವರು, ನಾವು ಬಂದದ್ದೇ ತಡ, ನಮ್ಮನ್ನು ಟೆಲಿಫೋನು ಮಾಡಿಕೊಂಡರು.

"ತಂಗೀ, ನಿಮ್ಮ ಭಾವನಿಗೆ ಹೇಳು, ಚಹಾ ಆರ್ತಾ ಇದೆ," ಎಂದರು ಅತ್ತಿಗೆ.

ಷಡ್ಡಕರು ನನ್ನ ಕಡೆ ತಿರುಗಿದರು. "ನಿನ್ನ ಅತ್ತಿಗೆಗೆ ಹೇಳಯ್ಯ, ಚಹಾ ಆರಿದ್ರೆ ಮತ್ತೆ ಕಾಯಿಸ್ಬಹುದು. ಮಾನ ಹೋದ್ರೆ ಯಾವ ಒಲೆ ಮೇಲೆ ಕಾಯಿಸೋದು?"

ಮಾನ ಹೋದ ಬಗೆಯನ್ನು ನನ್ನಾಕೆ ಅಡುಗೆಮನೆಯಿಂದ ಸಂಗ್ರಹಿಸಿ ತಂದಳು. ಷಡ್ಡಕರು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು. ಆದರೆ ಹೆಂಡತಿ ಕೇಳಿದಾಗಲೆಲ್ಲ, "ನಿನಗೆ ಬಾಗಿಲು ತಳ್ಳೋದಾ ಎಳೆಯೋದಾ ಅಂತಲೇ ಗೊತ್ತಾಗಲ್ಲ, ಕಾರು ಬೇರೆ ಕೇಡು!" ಎನ್ನುತ್ತಿದ್ದರಂತೆ. ಅತ್ತಿಗೆ ಕೇಳುವುದನ್ನು ಬಿಟ್ಟರು. ತರಕಾರಿ ತರುತ್ತೇನೆಂದು ಚೀಲ ಹಿಡಿದು, ಎದುರು ಬೀದಿಯಲ್ಲಿ ಗಂಡನ ಪರಮವೈರಿ ನಡೆಸುವ ಶಾಲೆಗೆ ಸೇರಿ, ಮೊದಲ ಪರೀಕ್ಷೆಯಲ್ಲೇ ಲೈಸೆನ್ಸ್ ತಂದರು. ಆ ವೈರಿಯೋ, ಅವರ ಫೋಟೋವನ್ನು ದೊಡ್ಡದು ಮಾಡಿಸಿ ಬೋರ್ಡಿಗೇ ಅಂಟಿಸಿದ್ದ!

ಇಂಥ ಸಂದರ್ಭದಲ್ಲಿ ಬುದ್ಧಿವಂತನಾದವನು ಚಹಾ ಕುಡಿದು ಎದ್ದು ಹೋಗುತ್ತಾನೆ. ನಾನು ಸಂಧಾನಕ್ಕೆ ಇಳಿದೆ.

"ನಾಳೆ ನನ್ನ ಸ್ನೇಹಿತನ ಊರಿಗೆ ಹೊರಟಿದ್ದೀವಿ. ನೀವಿಬ್ಬರೂ ಬನ್ನಿ. ಅತ್ತಿಗೆ ನಮ್ಮ ಕಾರು ಓಡಿಸ್ಲಿ, ನೀವು ಕೂತು ನೋಡಿ. ಹಾಲು ಯಾವುದು, ನೀರು ಯಾವುದು ಅಂತ ಗೊತ್ತಾಗಿಬಿಡ್ಲಿ!"

"ರೀ, ನಿಮಗ್ಯಾಕೆ ಊರ ಉಸಾಬರಿ?" ಎಂದು ನನ್ನಾಕೆ ಪಿಸುಗುಟ್ಟಿದಳು. ನಾನು ಮಹಾಪುರುಷನಂತೆ ಮುಗುಳ್ನಕ್ಕೆ.

ಬೆಳಿಗ್ಗೆ ಅಕ್ಕತಂಗಿಯರು ಮುಂದೆ, ನಾವಿಬ್ಬರು ಹಿಂದೆ ಕೂತೆವು. ಅತ್ತಿಗೆ ನಿಜಕ್ಕೂ ಚೆನ್ನಾಗಿಯೇ ಓಡಿಸುತ್ತಿದ್ದರು. ಅದೇ ಷಡ್ಡಕರಿಗೆ ತಡೆಯಲಾಗಲಿಲ್ಲ.

"ತಿರುವು ಬಂತು ಅಂತ ಹೇಳಯ್ಯ. ಕ್ಲಚ್ ಮೇಲಿಂದ ಕಾಲು ತೆಗಿ ಅಂತ ಹೇಳು. ಆ ಲಾರಿಯವನು ಅಪ್ಪನ ಮನೆಯವನಲ್ಲ, ದೂರ ಇರು ಅಂತ ಹೇಳು!"

ನಾನು ಎಲ್ಲವನ್ನೂ ನಿಷ್ಠೆಯಿಂದ ತಲುಪಿಸಿದೆ. ನನ್ನ ಕಾರಲ್ಲವೇ, ಸ್ವಂತದ್ದೂ ಒಂದೆರಡು ಸೇರಿಸಿದೆ. "ಗುಂಡಿ ಬಂತು, ಅತ್ತಿಗೆ. ಅಲ್ಲಲ್ಲ, ನೆರಳು. ಆದ್ರೂ ನಿಧಾನ." ನನ್ನಾಕೆ ಕನ್ನಡಿಯಲ್ಲಿ ನನ್ನನ್ನು ನೋಡಿದ ರೀತಿಗೆ, ನಾನು ಕಣ್ಣಿದ್ದೂ ಕುರುಡನಾದೆ.

ಏರುದಾರಿಯಲ್ಲಿ ಷಡ್ಡಕರು ಸ್ಫೋಟಿಸಿದರು. "ನಿಲ್ಸು! ಏರು ಹತ್ತಿಸೋದು ಹೇಗೆ ಅಂತ ನಾನು ತೋರಿಸ್ತೀನಿ!" (ಮಾತು ಬಿಟ್ಟದ್ದು ಮರೆತೇಹೋಗಿತ್ತು, ಪಾಪ.)

ಅತ್ತಿಗೆ ಕಾರನ್ನು ಬದಿಗೆ ನಿಲ್ಲಿಸಿದರು. ಷಡ್ಡಕರು ಇಳಿದರು. ಚಕ್ರ ಚರಂಡಿಗೆ ಎಷ್ಟು ಹತ್ತಿರವಿದೆಯೆಂದು ಸಾರ್ವಜನಿಕವಾಗಿ ಘೋಷಿಸಲು ನಾನೂ ಇಳಿದೆ. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅತ್ತಿಗೆ ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಶಾಸ್ತ್ರೋಕ್ತವಾಗಿ ನಮ್ಮನ್ನು ಬಿಟ್ಟು ಹೊರಟರು.

ಉದುರಿದ ಎಲೆಗಳ ನಡುವೆ ನಾವು ಬಾಯಿ ಬಿಟ್ಟು ನಿಂತೆವು. ನಾನು ಷಡ್ಡಕರ ಸಿಟ್ಟಿಗೆ ಸಿದ್ಧನಾದೆ. ಅವರ ಕಣ್ಣಲ್ಲಿ ನೀರು!

"ನೋಡಿದೆಯೇನಯ್ಯ! ಅಷ್ಟು ಏರಿನಲ್ಲಿ ಒಂದು ಗೇಣೂ ಹಿಂದೆ ಜಾರಲಿಲ್ಲ. ನನ್ನ ಶಿಷ್ಯರಲ್ಲೇ ಹೀಗೆ ಗಾಡಿ ಎತ್ತೋರು ಇಲ್ಲ. ನನ್ನ ಹೆಂಡ್ತಿ ಕಣಯ್ಯ!"

"ನನ್ನ ಹೆಂಡ್ತಿಯೂ ಅದರಲ್ಲೇ ಹೋದ್ಲು. ಕಾರೂ ನನ್ನದೇ," ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ.

ಕಾಲೆಳೆಯುತ್ತ ಷಡ್ಡಕರ ಮನೆ ಸೇರಿದ ನಮ್ಮಿಬ್ಬರ ಆ ದಿನದ ಊಟ ಒಣ ಬ್ರೆಡ್ಡು. ಮರುದಿನ ಮಧ್ಯಾಹ್ನ ಆ ಸ್ನೇಹಿತನ ಫೋನು ಬಂತು.

"ನಿನ್ನ ಮನೆಯವರು ಇಷ್ಟು ಚೆನ್ನಾಗಿ ಮಾತಾಡ್ತಾರೆ ಅಂತ ಗೊತ್ತೇ ಇರ್ಲಿಲ್ಲ ಕಣೋ! ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು. ನೀನು ಜೊತೆಗಿದ್ದಾಗ ಪಾಪ, ಅವರಿಗೆ ಬಾಯಿ ತೆಗೆಯೋಕೇ ಜಾಗ ಇರ್ತಿರಲಿಲ್ಲ."

"ಇರ್ಲಿ, ಅವಳಿಗೆ ಫೋನ್ ಕೊಡು," ಎಂದೆ, ಬಿಗಿಯಾಗಿ.

"ಎಲ್ಲಿಂದ ಕೊಡ್ಲಿ? ಮುಂದಿನ ಊರಿಗೆ ಹೊರಟಾಯ್ತು. ನನ್ನವಳೂ ಅದೇ ಕಾರು ಹತ್ತಿಬಿಟ್ಲು." ಅವನ ಧ್ವನಿ ಇಳಿಯಿತು. "ಅಂದ ಹಾಗೆ, ನಿಮ್ಮಿಬ್ಬರಲ್ಲಿ ಯಾರಿಗಾದ್ರೂ ಅನ್ನ ಮಾಡೋಕೆ ಬರುತ್ತೇನೋ?"

ನಾನು ಆಸೆಯಿಂದ ಅಡುಗೆಮನೆಯತ್ತ ನೋಡಿದೆ. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಮಹಾನುಭಾವರು ಒಲೆಯ ಮುಂದೆ ಬಗ್ಗಿ ನಿಂತು, ಅದರ ತಿರುಪನ್ನು ಹಿಡಿದು ಕೇಳುತ್ತಿದ್ದರು:

"ಇದನ್ನ ಎಡಕ್ಕೆ ತಿರುಗಿಸೋದೋ, ಬಲಕ್ಕೋ?"