ಅಕ್ಕನ ಮೂಗಿಗೆ ಉಳ್ಳಾಗಡ್ಡಿ

ಕಮಲಾಪುರಕ್ಕೆ ಕೊಟ್ಟ ನಮ್ಮಕ್ಕನಷ್ಟು ಅಚ್ಚುಕಟ್ಟಾಗಿ ಎಚ್ಚರ ತಪ್ಪಿ ಬೀಳುವವರು ಕಲಬುರಗಿ ಜಿಲ್ಲೆಯಲ್ಲೇ ಇನ್ನೊಬ್ಬರಿಲ್ಲ! ಬೇರೆಯವರು ಬಿದ್ದರೆ ಹಲ್ಲು ಮುರಿದುಕೊಳ್ಳುತ್ತಾರೆ. ಇವಳು ಸೆರಗು ಸರಿಮಾಡಿಕೊಂಡು, ಪಾತ್ರೆ ಪಡಗ ಇಲ್ಲದ ಜಾಗ ನೋಡಿ ಬೀಳುತ್ತಿದ್ದಳು. ಒಮ್ಮೆ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಬಟ್ಟೆ ಅಂಗಡಿಯಲ್ಲಿ, ಅಣ್ಣನ ಕೂಸಿನ ತಲೆಗೆ ಕುಲಾಯಿ ಆರಿಸುವಾಗ ಬಿದ್ದಳು. "ಯಾ ಅಲ್ಲಾ! ಏಳ್ರಿ ಅಕ್ಕಾ, ರೇಟ್ ಕಮ್ಮಿ ಮಾಡ್ತೀನಿ" ಎಂದು ಅಂಗಡಿಯವ ಕೈಮುಗಿದ. ಅಕ್ಕ ಕಣ್ಣು ಬಿಟ್ಟು, "ಕೆಂಪಂದು ತೋರಸ್ರಿ" ಎಂದಳು!

ಆದರೆ ಅವಳು ತಪ್ಪದೆ ಬೀಳುತ್ತಿದ್ದುದು ತೊಟ್ಟಿಲ ಕಾರ್ಯದಲ್ಲಿ. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದಲ್ಲವೇ? ಅಣ್ಣಂದಿರ ಮಕ್ಕಳಿಗೆಲ್ಲ ಇವಳೇ ಸೋದರತ್ತೆ. "ಮಕ್ಕಳಿಲ್ಲದಾಕಿ, ಬ್ಯಾಡ" ಎಂದು ಹಿರಿಯರು ಪ್ರತಿ ಸಲವೂ ಬೇರೆ ಯಾರನ್ನೋ ಕರೆಯುತ್ತಿದ್ದರು. ಅವರು ಕಿವಿಗೆ ಬಾಗುವುದೇ ತಡ, ಇತ್ತ ಅಕ್ಕ ಧೊಪ್! ಅವ್ವ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುತ್ತಿದ್ದಳು.

ಸೇಡಂ ರಸ್ತೆಯ ಡಾಕ್ಟರು "ಹಿಸ್ಟೀರಿಯಾ ಅದರೀ" ಎಂದರು.

"ಹಂಗಂದ್ರೇನೋ ತಮ್ಮಾ?" ಎಂದಳು ಅಕ್ಕ.

ನಾನು ಮೇಷ್ಟರಲ್ಲವೇ? ಓದಿ ತಿಳಿದುಕೊಂಡು ಹೇಳಿದೆ. ಅದು ಗ್ರೀಕ್ ಭಾಷೆಯಲ್ಲಿ ಗರ್ಭಕೋಶಕ್ಕಿರುವ ಹೆಸರಿನಿಂದ ಹುಟ್ಟಿದ ಮಾತು. ಹೆಂಗಸಿನ ಗರ್ಭಕೋಶ ಜಾಗ ಬಿಟ್ಟು ಮೈಯೆಲ್ಲ ತಿರುಗುತ್ತದೆ, ಎದೆಗೇರಿ ಉಸಿರು ಕಟ್ಟಿಸುತ್ತದೆ, ಮೂಗಿಗೆ ಕೆಟ್ಟ ವಾಸನೆ ಹಿಡಿದರೆ ಕೆಳಗಿಳಿಯುತ್ತದೆ ಎಂದು ಆ ಕಾಲದ ವೈದ್ಯರು ನಂಬಿದ್ದರಂತೆ. ನಮ್ಮವ್ವ ಉಳ್ಳಾಗಡ್ಡಿಯ ವಿದ್ಯೆಯನ್ನು ಯಾವ ಗ್ರೀಕರ ಬಳಿ ಕಲಿತಿದ್ದಳೋ!

ನಾನೊಬ್ಬನೇ ನಕ್ಕೆ. ಅಕ್ಕ ನಗಲಿಲ್ಲ.

"ನಂದು ತಗದೇ ಬಿಟ್ಟಾರಲ್ಲೋ. ಮತ್ತ ನನ್ನೊಳಗ ತಿರಗಾಕತ್ತಿದ್ದು ಯಾವುದು?"

ಮದುವೆಯಾದ ಹೊಸತರಲ್ಲಿ ಹೊಟ್ಟೆನೋವೆಂದು ಹೋದವಳಿಗೆ ಯಾವುದೋ ಆಸ್ಪತ್ರೆಯಲ್ಲಿ ಗರ್ಭಕೋಶವನ್ನೇ ತೆಗೆದಿದ್ದರಂತೆ. ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ನಾನಾಗ ಸಣ್ಣವ, ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಆವತ್ತು ಅವಳ ಬಾಯಿಂದಲೇ ಕೇಳಿದೆ.

ಮೊನ್ನೆ ನನ್ನ ಮಗಳ ತೊಟ್ಟಿಲು. ನಾನೂ ನನ್ನ ಹೆಂಡತಿಯೂ ಹಟ ಹಿಡಿದು ಅಕ್ಕನನ್ನೇ ಕೂರಿಸಿದೆವು. ಹಿರಿಯರ ಮುಖ ಹುಳ್ಳಗಾಯಿತು, ಆಗಲಿ! ಅಕ್ಕ ಕಮಲಾಪುರದಿಂದ ತನ್ನ ತೋಟದ ಕೆಂಪು ಬಾಳೆಹಣ್ಣು ತಂದಿದ್ದಳು. ಅವ್ವ ಉಳ್ಳಾಗಡ್ಡಿ ಹಿಡಿದು ಹಿಂದೆಯೇ ನಿಂತಳು. ಅಕ್ಕ ಕೂಸಿನ ಕಿವಿಗೆ ಬಾಗಿದಳು. ಬೀಳಲಿಲ್ಲ. ತಲೆ ಎತ್ತಲೂ ಇಲ್ಲ.

"ಒಂದ್ ಹೆಸರು ಹೇಳಾಕ ಇಷ್ಟೊತ್ತೇನ ಯವ್ವಾ?" ಎಂದಳು ಅವ್ವ.

ಅಕ್ಕ ನನ್ನ ಕಡೆ ನೋಡಿದಳು. ಕಣ್ಣು ತುಂಬಿತ್ತು.

"ನನ್ನ ಮಕ್ಕಳಿಗಂತ ಇಟ್ಕೊಂಡಿದ್ದ ಹೆಸರೆಲ್ಲಾ ಇದರ ಕಿವ್ಯಾಗ ಹೇಳಿಬಿಟ್ಟೆ. ತಪ್ಪಾತೇನೋ ತಮ್ಮಾ?"