ಎಡಗಡೆ ಸೀಟು

ತೊಂದರೆ ಶುರುವಾದದ್ದು ಒಂದು ಬಾಣದ ಗುರುತಿನಿಂದ.

ಆ ಬಾಣ ಇದ್ದದ್ದು ಅಡ್ಜಸ್ಟೆಬಲ್ ಶಾಕ್ ಅಬ್ಸಾರ್ಬರ್‌ಗಳ ಪೆಟ್ಟಿಗೆಯಲ್ಲಿ ಬಂದ ಚೀಟಿಯಲ್ಲಿ. ಒಳ್ಳೆಯ ಕಂಪನಿಯವರು ಒಂದಕ್ಕೆ ಕೇಳುವ ಬೆಲೆಗೆ ನಾಲ್ಕೂ ಚಕ್ರಕ್ಕೆ ಬರುವಂಥ ಅಗ್ಗದ ಮಾಲು ಅದು. ಪ್ರತಿಯೊಂದರ ತುದಿಗೂ ಒಂದು ತಿರುಪು. ಬಲಕ್ಕೆ ತಿರುಗಿಸಿದರೆ ಗಟ್ಟಿ, ಎಡಕ್ಕೆ ತಿರುಗಿಸಿದರೆ ಮೆದು. ಒಟ್ಟು ಮೂವತ್ತೆರಡು ಮೆಟ್ಟಿಲು, ಮೆಟ್ಟಿಲಿಗೊಂದು ‘ಟಿಕ್’. ಚೀಟಿಯಲ್ಲಿ ಇಷ್ಟನ್ನೇ ಬರೆದು ಪಕ್ಕದಲ್ಲೊಂದು ಬಾಗಿದ ಬಾಣ ಹಾಕಿದ್ದರು. ಸಾಮಾನ್ಯ ಮನುಷ್ಯನಿಗೆ ಅಷ್ಟು ಸಾಕಿತ್ತು. ಆದರೆ ರೇಣುಕಾಪ್ರಸಾದ್ ಕೊಪ್ಪದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕರಾಗಿದ್ದರು.

ಹೋದ ವರ್ಷ ಅವರು ಮನೆಮಂದಿಯೆಲ್ಲ ಹಿಡಿಸುತ್ತಿದ್ದ ಕಾರನ್ನು ಕೊಟ್ಟು, ಎರಡೇ ಸೀಟಿನ, ಬಟ್ಟೆಯ ಮಾಡಿನ, ಹಳೆಯ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ತಂದಿದ್ದರು. ಬದುಕಿನಲ್ಲಿ ಅವರು ಮಾಡಿದ ಒಂದೇ ಒಂದು ಅವಿವೇಕ ಅದು. ಹಾಗಾಗಿಯೇ ಅದರ ಮೇಲೆ ಅವರಿಗೆ ವಿಪರೀತ ಪ್ರೀತಿ. ಹೆಂಡತಿ ಗಂಗಾಂಬಿಕೆಗೆ ಅದನ್ನು ಕಂಡರಾಗದು. ನೆಲಕ್ಕೆ ಅಂಟಿಕೊಂಡಂತಿದ್ದ ಆ ಕಾರು ಮಲೆನಾಡಿನ ರಸ್ತೆಯಲ್ಲಿ ಸಿಪ್ಪೆ ಸುಲಿಯುವ ಕಾಫಿ ಪಲ್ಪರಿಗೆ ಬಿದ್ದ ಹಣ್ಣಿನ ಪಾಡನ್ನು ಮನುಷ್ಯರಿಗೆ ತರುತ್ತಿತ್ತು.

ಆ ಭಾನುವಾರ ಶೃಂಗೇರಿಯಲ್ಲಿ ಗಂಗಾಂಬಿಕೆಯ ಅಕ್ಕನ ಮಗಳು ಸಿಂಚನಾಳ ನಿಶ್ಚಿತಾರ್ಥ. ಎನ್.ಆರ್.ಪುರದಲ್ಲಿ ಮಗನ ಮನೆಯಲ್ಲಿದ್ದ ಅತ್ತೆ ಯಮುನಮ್ಮನವರನ್ನು ಅಲ್ಲಿಗೆ ತಲುಪಿಸುವ ಹೊಣೆ ಅಳಿಯನದು. ಯಮುನಮ್ಮನವರಿಗೆ ಆರು ತಿಂಗಳಿಂದ ಸೊಂಟ ಹಿಡಿದುಕೊಂಡಿತ್ತು. ಸಸಿ ನೆಡುವವರ ಹಾಗೆ ಬಾಗಿಯೇ ಓಡಾಡುತ್ತಿದ್ದರು.

ಬೆಳಿಗ್ಗೆ ಶೃಂಗೇರಿ ಬಸ್ಸು ಹತ್ತುವ ಮೊದಲು ಗಂಗಾಂಬಿಕೆ ಕಡ್ಡಿ ಮುರಿದಂತೆ ಹೇಳಿದ್ದಳು. “ನೋಡಿ, ಅದೆಂತದೋ ಹೊಸ ಸ್ಪ್ರಿಂಗು ಹಾಕಿಸ್ತೀನಿ ಅಂದ್ರಿ, ಹಾಕಿಸಿ. ಆದ್ರೆ ನಮ್ಮಮ್ಮ ಬಂದು ಇಳಿಯೋದ್ರೊಳಗೆ ಒಂದೇ ಒಂದು ‘ಅಯ್ಯೋ’ ಅಂದ್ರೂ ನಾಳೆ ಕಾರು ಬಾಳೆಹೊನ್ನೂರಿನ ಪ್ರದೀಪನಿಗೆ. ಅವನು ಮೂರು ತಿಂಗಳಿಂದ ಕೇಳ್ತಾ ಇದ್ದಾನೆ.”

“ಒಂದೂ ಅನ್ನೋದಿಲ್ಲ,” ಎಂದಿದ್ದರು ರೇಣುಕಾಪ್ರಸಾದ್.

ಅವರು ಗ್ಯಾರೇಜಿಗೆ ಹೋಗುವಷ್ಟರಲ್ಲಿ ಮೆಕ್ಯಾನಿಕ್ ಕೊರಗಣ್ಣ ಮುಂದಿನ ಎರಡನ್ನೂ, ಹಿಂದಿನ ಬಲಗಡೆಯದನ್ನೂ ಕೂರಿಸಿ, ಚೀಟಿಯಲ್ಲಿದ್ದಂತೆ ಎಡಕ್ಕೆ ತಿರುಗಿಸಿ ಮುಗಿಸಿದ್ದ. ಕಾರ್ಕಳದ ಕಡೆಯಿಂದ ಬಂದು ಕೊಪ್ಪದಲ್ಲಿ ನೆಲೆ ನಿಂತ ಕೊರಗಣ್ಣ ಆರಡಿ ಮೂರಿಂಚಿನ ಆಳು. ಆ ಕಾರಿನ ಸ್ಟೇರಿಂಗಿನ ಹಿಂದೆ ಅವನು ಹಿಡಿಸುತ್ತಿರಲಿಲ್ಲ. ಕಾರನ್ನು ತಳ್ಳಿಯೇ ಶೆಡ್ಡಿನೊಳಗೆ ತಂದಿದ್ದ. ಉಳಿದದ್ದು ಹಿಂದಿನ ಎಡಗಡೆಯದು ಮಾತ್ರ. ಹಿಂದಿನವನ್ನು ತಲೆಕೆಳಗಾಗಿ, ತಿರುಪು ಕೆಳಬದಿಗೆ ಬರುವಂತೆ ಕೂರಿಸಬೇಕಾಗಿತ್ತು. ಕೊರಗಣ್ಣ ಕಾರಿನಡಿ ಮಲಗಿ ತಿರುಪಿಗೆ ಕೈ ಹಾಕಿದ.

“ನಿಲ್ಲು ನಿಲ್ಲು. ಎತ್ತ ತಿರುಗಿಸ್ತಿದ್ದೀಯ?”

“ಎಡಕ್ಕೆ ಸರ್. ಚೀಟಿಯಲ್ಲಿ ಎಡಕ್ಕೆ ಮೆದು ಅಂತ ಉಂಟಲ್ಲ.”

“ಚೀಟಿಯಲ್ಲಿ ಚಿತ್ರ ಬರೆದಿರೋದು ಮೇಲಿಂದ ನೋಡಿ. ನೀನು ನೋಡ್ತಿರೋದು ಕೆಳಗಿಂದ. ಗೋಡೆ ಗಡಿಯಾರವನ್ನ ಹಿಂದಿನಿಂದ ನೋಡಿದ್ರೆ ಮುಳ್ಳು ಎತ್ತ ತಿರುಗುತ್ತೆ ಹೇಳು?”

ಕೊರಗಣ್ಣ ಕಾರಿನಡಿಯಿಂದ ತಲೆ ಹೊರಗೆ ಹಾಕಿದ. “ಅದನ್ನು ನೋಡ್ಲಿಕ್ಕೆ ಪಕ್ಕದ ಮನೆಗೆ ಹೋಗಿ ಗೋಡೆ ಒಡೀಬೇಕಲ್ಲ ಮಾರಾಯ್ರೆ.”

“ಉಲ್ಟಾ ತಿರುಗುತ್ತೆ. ಅದಕ್ಕೇ ಹಿಂದಿನವನ್ನ ಬಲಕ್ಕೆ ತಿರುಗಿಸ್ಬೇಕು. ತಿರುಗಿಸು, ನಾನು ಎಣಿಸ್ತೀನಿ.”

ರೇಣುಕಾಪ್ರಸಾದ್ ಕುಕ್ಕರಗಾಲಲ್ಲಿ ಕೂತು ಮೂವತ್ತೆರಡು ಟಿಕ್ ಎಣಿಸಿ ಡೈರಿಯಲ್ಲಿ ಬರೆದುಕೊಂಡರು. “ಬಲಗಡೆಯದನ್ನೂ ಹೀಗೇ ಮಾಡಿಬಿಡು,” ಎಂದರು.

“ಆಯ್ತು ಸರ್,” ಎಂದ ಕೊರಗಣ್ಣ. ಮುಗಿದ ಕೆಲಸವನ್ನು ಮತ್ತೆ ಮುಟ್ಟುವುದು ಅವನ ಜಾಯಮಾನದಲ್ಲಿರಲಿಲ್ಲ. ಸರ್ ಕೈ ತೊಳೆಯಲು ನಲ್ಲಿಯ ಕಡೆ ಹೋದಾಗ ಅವನು ಜಾಕ್ ಇಳಿಸಿಬಿಟ್ಟ.

ಪಕ್ಕದ ಮನೆಯ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ಕೂತಿದ್ದ ಭೈರಮ್ಮ ಇಷ್ಟನ್ನೂ ನೋಡುತ್ತಿದ್ದಳು. ಭೈರಮ್ಮ ಕಾಲು ಮುಂದಾಗಿ ಹುಟ್ಟಿದವಳು. ಹಾಗೆ ಹುಟ್ಟಿದವರು ಬೆನ್ನಿಗೆ ಕಾಲು ತಾಗಿಸಿದರೆ ಉಳುಕು ಹೋಗುತ್ತದೆ ಎಂಬುದು ಜನರ ನಂಬಿಕೆ. ಸುತ್ತಲಿನ ಹತ್ತೂರಿನ ಸೊಂಟಗಳು ಅವಳ ಎಡಹಿಮ್ಮಡಿಯ ಋಣದಲ್ಲಿದ್ದವು. ಆದರೆ ಯಮುನಮ್ಮನವರ ಸೊಂಟ ಮಾತ್ರ ಐದು ಭಾನುವಾರ ಒದೆಸಿಕೊಂಡೂ ಬಗ್ಗಿದ್ದು ಬಗ್ಗಿಯೇ ಇತ್ತು. ಭೈರಮ್ಮನಿಗೆ ಅದೊಂದು ಕೊರಗು.

“ಮೇಷ್ಟ್ರೇ, ಆ ತಗಡಿನ ಡಬ್ಬೀಲಿ ಯಮುನಮ್ಮೋರನ್ನ ಕೂರಿಸ್ತೀರಾ? ಪಾಪ ಕಟ್ಕೊಳ್ಬೇಡಿ.”

“ಪರೀಕ್ಷೆ ಮಾಡಿಯೇ ಕೂರಿಸ್ತೀನಿ ಭೈರಮ್ಮ.”

ಮಾಡಿದರು ಕೂಡ. ಕಂಠಮಟ್ಟ ನೀರು ತುಂಬಿದ ಚೊಂಬನ್ನು ತೊಡೆಗಳ ನಡುವೆ ಇಟ್ಟುಕೊಂಡು ಬಸ್ ಸ್ಟ್ಯಾಂಡಿನವರೆಗೆ ಹೋಗಿಬಂದರು. ಚೆಲ್ಲಿದ್ದು ಎರಡು ಹನಿ. ಬೆಲ್ಲದ ಪಾಕದ ಮೇಲೆ ತೇಲಿದ ಅನುಭವ. ಡೈರಿಯಲ್ಲಿ ‘ತೃಪ್ತಿಕರ’ ಎಂದು ಬರೆದು, ಕೆಳಗೆ ಗೆರೆ ಎಳೆದು, ಎನ್.ಆರ್.ಪುರಕ್ಕೆ ಹೊರಟರು.

ಯಮುನಮ್ಮನವರು ರೇಷ್ಮೆ ಸೀರೆಯುಟ್ಟು ಕಾದಿದ್ದರು. ಆ ಕಾರಿಗೆ ಹತ್ತಬೇಕಾದರೆ ಎಂಥವರೂ ಬಾಗಬೇಕು. ಯಮುನಮ್ಮನವರಿಗೆ ಆ ಶ್ರಮವಿರಲಿಲ್ಲ, ಬಾಗಿಯೇ ಇದ್ದರು. ನೇರವಾಗಿ ಎಡಗಡೆ ಸೀಟಿಗೆ ಜಾರಿಕೊಂಡರು. ಇದು ಶುಭಸೂಚನೆ ಎನ್ನಿಸಿತು ಅಳಿಯನಿಗೆ.

ಮುನ್ನೂರು ಮೀಟರಿಗೆ ಮೊದಲನೆಯದು ಬಂತು.

“ಅಯ್ಯೋ!”

“ಏನಾಯ್ತು ಅತ್ತೆ?”

“ಗುಂಡಿ ಅಳಿಯಂದ್ರೆ, ಗುಂಡಿ!”

ರೇಣುಕಾಪ್ರಸಾದ್ ಕನ್ನಡಿಯಲ್ಲಿ ನೋಡಿದರು. ಹಿಂದೆ ಗುಂಡಿ ಇದ್ದದ್ದು ನಿಜ. ಆದರೆ ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ಇನ್ನೊಂದು ಗುಂಡಿ ಬಂತು. ಅವರು ತೊಟ್ಟಿಲಲ್ಲಿದ್ದಂತೆ ಹಾಯಾಗಿ ಒಮ್ಮೆ ತೂಗಿದರು. ಪಕ್ಕದಲ್ಲಿ ಅತ್ತೆ ಹುರಿಯುವ ಬಾಣಲೆಯ ಜೋಳದಂತೆ ಚಿಮ್ಮಿದರು.

“ಅಯ್ಯೋ ಅಯ್ಯೋ!”

ಅವರು ನ್ಯಾಯವಂತರು, ಇದನ್ನು ಎರಡೆಂದೇ ಎಣಿಸಿಕೊಂಡರು. ಆದರೆ ಮನಸ್ಸಿನಲ್ಲಿ ಒಂದು ಅನುಮಾನ ಮೊಳೆಯಿತು. ತಾಯಿ ಮಗಳು ಮಾತಾಡಿಕೊಂಡಿದ್ದಾರೆಯೆ? ಮೆದುವಾದ ಕಾರಿನಲ್ಲಿ ಕೂತು ಬೇಕೆಂದೇ ಹಾರುತ್ತಿದ್ದಾರೆಯೆ? ಎಪ್ಪತ್ತೆರಡರ ಹೆಂಗಸು, ಹಿಡಿದ ಸೊಂಟ, ಬೇಕೆಂದೇ ಇಷ್ಟೆತ್ತರ ಹಾರಬಲ್ಲರೆ? ಎರಡೂ ಕಡೆಯ ಸಾಕ್ಷ್ಯ ಸಮನಾಗಿತ್ತು.

ಕೊಪ್ಪ ತಲುಪುವಾಗ ಎಣಿಕೆ ಇಪ್ಪತ್ತಾರು. ಗ್ಯಾರೇಜಿನ ಮುಂದೆ ನಿಲ್ಲಿಸಿದರು.

“ಹೇಗುಂಟು ಸರ್?” ಎಂದ ಕೊರಗಣ್ಣ.

“ನನಗೆ ಬೆಣ್ಣೆ ಹಾಗಿದೆ.”

“ನನಗೆ ಒನಕೆ ಹಾಗಿದೆ,” ಎಂದರು ಯಮುನಮ್ಮ.

ಜಗಲಿಯಿಂದ ಭೈರಮ್ಮ ಎಲೆಯಡಿಕೆ ಉಗಿದು ಕೇಳಿದಳು, “ಒಂದೇ ಕಾರಿನಲ್ಲಿ ಇಬ್ಬರಿಗೆ ಎರಡೆರಡು ರಸ್ತೆಯಾ?”

ಅಂದು ನಡೆದ ಮಾತುಗಳಲ್ಲಿ ಅತ್ಯಂತ ವೈಜ್ಞಾನಿಕವಾದ ಮಾತು ಅದಾಗಿತ್ತು. ಆದರೆ ಮುಹೂರ್ತಕ್ಕೆ ಹೊತ್ತಾಗುತ್ತಿತ್ತು. ಕೊರಗಣ್ಣ ಮಾತ್ರ ಯಾಕೋ ಒಳಗೆ ಹೋಗಿ ಸ್ಪ್ಯಾನರು ಹುಡುಕತೊಡಗಿದ.

ಹರಿಹರಪುರ ದಾಟಿ ಸ್ವಲ್ಪ ದೂರದಲ್ಲಿ ಯಾರೋ ಹೊಸದಾಗಿ ಒಂದು ಹಂಪು ಹಾಕಿದ್ದರು. ಬಿಳಿ ಬಣ್ಣ ಬಳಿದಿರಲಿಲ್ಲ, ಬೋರ್ಡೂ ಇರಲಿಲ್ಲ. ಅದನ್ನು ಏರಿದಾಗ ರೇಣುಕಾಪ್ರಸಾದರಿಗೆ ಯಾರೋ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟಂತಾಯಿತು. ಯಮುನಮ್ಮನವರು ಸೀಟು ಬಿಟ್ಟು ಎದ್ದರು, ಮಾಡಿನ ಬಟ್ಟೆಯನ್ನು ತಲೆಯಿಂದ ಮುಟ್ಟಿದರು, ಮತ್ತೆ ಕೂತರು. ಎಲ್ಲೋ ‘ಟಕ್’ ಎಂದಿತು.



ಆವರೆಗೆ ನಲವತ್ತೊಂದಾಗಿತ್ತು. ನಲವತ್ತೆರಡನೆಯದು ಬರಬೇಕಾದ ಜಾಗದಲ್ಲಿ ಏನೂ ಬರಲಿಲ್ಲ. ಸ್ಪ್ರಿಂಗು ಮುರಿಯಿತೇ ಎಂದು ಮೊದಲು ಅನ್ನಿಸಿದ್ದಕ್ಕೆ ರೇಣುಕಾಪ್ರಸಾದ್ ಆಮೇಲೆ ನಾಚಿಕೊಂಡರು.

“ಅತ್ತೆ?”

ಯಮುನಮ್ಮ ಕಣ್ಣು ಮಿಟುಕಿಸದೆ ಮುಂದೆ ನೋಡುತ್ತಿದ್ದರು.

“ಅತ್ತೆ, ಆಸ್ಪತ್ರೆಗೆ ಹೋಗೋಣ್ವಾ?”

“ಸುಮ್ನೆ ಓಡಿಸಿ,” ಎಂದರು ಮೆಲ್ಲಗೆ.

ಶೃಂಗೇರಿಯವರೆಗೂ ಅವರು ಮತ್ತೊಂದು ಮಾತಾಡಲಿಲ್ಲ. ಕಾರು ಹೋಯಿತು ಎಂದುಕೊಂಡರು ರೇಣುಕಾಪ್ರಸಾದ್. ಗೇರು ಹಾಕುವಾಗಲೆಲ್ಲ ಇದು ಕೊನೆಯ ಸಲ ಎನ್ನಿಸಿತು.

ಮನೆಯ ಗೇಟಿನಲ್ಲಿ ಗಂಗಾಂಬಿಕೆ ನಿಂತಿದ್ದಳು. ಹತ್ತುವಾಗ ಸಲೀಸಾಗಿ ಹತ್ತಿದ್ದ ಯಮುನಮ್ಮ ಇಳಿಯುವಾಗ ಬಾಗಿಲ ಮೇಲಂಚಿಗೆ ತಲೆ ಬಡಿದುಕೊಂಡರು. “ಅಯ್ಯೋ!” ಎಂದರು. ಆಮೇಲೆ ಹೊರಗೆ ಬಂದು ನಿಂತರು. ನೆಟ್ಟಗೆ ನಿಂತರು. ಅವರು ಮಗಳಿಗಿಂತ ಎರಡಿಂಚು ಎತ್ತರ ಎಂಬುದು ಎಲ್ಲರಿಗೂ ಮರೆತೇ ಹೋಗಿತ್ತು.

ಗಂಗಾಂಬಿಕೆ ತಾಯಿಯನ್ನು ನೋಡುವ ಬದಲು ಗಂಡನನ್ನು ನೋಡಿ, “ಎಷ್ಟು?” ಎಂದಳು.

“ನಲವತ್ತೆರಡು.” ಅಂಕಿ ಅಂಶದಲ್ಲಿ ಸುಳ್ಳು ಹೇಳುವುದು ಅವರಿಂದಾಗದು.

“ಹಾಗಾದ್ರೆ ನಾಳೆ ಪ್ರದೀಪನಿಗೆ...”

“ಎಂತ ಪ್ರದೀಪ?” ಯಮುನಮ್ಮ ಮೇಲಿನಿಂದ ಮಗಳತ್ತ ನೋಡಿದರು. “ಈ ಕಾರು ಮಾರಿದ್ರೆ ನಿನ್ನ ಮನೆ ಹೊಸ್ತಿಲು ತುಳಿಯಲ್ಲ ನಾನು. ಆರು ತಿಂಗಳು ನೆಲ ನೋಡಿ ನೋಡಿ ಸಾಕಾಗಿತ್ತು. ಇವತ್ತು ಹುಡುಗನ ಮುಖ ನೋಡ್ತೀನಿ.”

ನಿಶ್ಚಿತಾರ್ಥದಲ್ಲಿ ಹುಡುಗನನ್ನು ನೋಡಿದವರಿಗಿಂತ ಯಮುನಮ್ಮನವರ ಸೊಂಟವನ್ನು ನೋಡಿದವರೇ ಹೆಚ್ಚು. ಅವರು ಬಗ್ಗಿ ಎದ್ದು ತೋರಿಸುವ ವಿಡಿಯೋ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮೂರು ತಾಲೂಕಿನ ವಾಟ್ಸಾಪ್ ಗುಂಪುಗಳನ್ನು ಸುತ್ತಿತ್ತು. ರೇಣುಕಾಪ್ರಸಾದ್ ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡರು. ಕಾರು ಉಳಿದಿತ್ತು. ಅವರ ಆ ದಿನದ ಸುಖ ಅಷ್ಟೇ ಹೊತ್ತಿನದು.

ಹೆಂಡತಿಯನ್ನೂ ಅತ್ತೆಯನ್ನೂ ಅಲ್ಲೇ ಬಿಟ್ಟು ಸಂಜೆ ಐದೂವರೆಗೆ ಅವರು ಒಬ್ಬರೇ ಕೊರಗಣ್ಣನ ಶೆಡ್ಡಿಗೆ ಬಂದರು. ಒಂದೇ ಕಾರಿನಲ್ಲಿ ಎರಡೆರಡು ರಸ್ತೆ ಹೇಗೆ ಎಂಬುದು ತಿಳಿಯದೆ ಅವರಿಗೆ ನಿದ್ದೆ ಬರುವಂತಿರಲಿಲ್ಲ. ಜಾಕ್ ಕೊಟ್ಟು ತಾವೇ ಅಡಿಗೆ ನುಸುಳಿದರು. ಬಲಗಡೆಯ ತಿರುಪು ಎಡತುದಿಯಲ್ಲಿತ್ತು, ಎಡಗಡೆಯದು ಬಲತುದಿಯಲ್ಲಿ. ಅಲ್ಲೇ ಅಂಗಾತ ಮಲಗಿ ಯೋಚಿಸಿದರು. ನೋಡುವವನು ಕೆಳಗಿದ್ದಾನೆ, ಅದು ಒಂದು ಉಲ್ಟಾ. ಆದರೆ ಶಾಕೂ ತಲೆಕೆಳಗಾಗಿ ಕೂತಿದೆ, ಅದು ಇನ್ನೊಂದು. ಎರಡು ಉಲ್ಟಾ ಸೇರಿದರೆ ಸುಲ್ಟಾ. ಅವರು ಒಂದನ್ನು ಮಾತ್ರ ಲೆಕ್ಕ ಹಿಡಿದಿದ್ದರು. ಚೀಟಿ ಸರಿಯಿತ್ತು. ಕೊರಗಣ್ಣ ಸರಿಯಿದ್ದ. ಬಲಕ್ಕೆ ತಿರುಗಿಸಿದ ಎಡಗಡೆಯದು ಪೂರ್ತಿ ಗಟ್ಟಿಯಾಗಿ, ಅತ್ತೆ ಇಡೀ ದಾರಿ ಮರದ ಕೊರಡಿನ ಮೇಲೆ ಕೂತು ಬಂದಿದ್ದರು.

“ಕೊರಗಣ್ಣ, ತಪ್ಪು ನನ್ನದೇ. ಈಗ ಎಡಗಡೆಯದನ್ನೂ ಮೆದು ಮಾಡಿಬಿಡ್ತೀನಿ,” ಎಂದು ತಿರುಪಿಗೆ ಕೈ ಹಾಕಿದರು.

“ಮುಟ್ಟಬೇಡಿ!”

ಕೂಗಿದವಳು ಭೈರಮ್ಮ. ರೇಣುಕಾಪ್ರಸಾದ್ ಕತ್ತು ಹೊರಳಿಸಿ ನೋಡಿದರು. ಕಾರಿನಡಿಯಿಂದ ಕಾಣುವಷ್ಟು ಕಂಡಿತು. ಜಗಲಿಯ ಕೆಳಗೆ ಏಳು ಜೊತೆ ಚಪ್ಪಲಿ. ಜಗಲಿಯ ಮೇಲೆ ನಾನಾ ಕೋನಗಳಲ್ಲಿ ಬಾಗಿದ ಏಳು ಜನ.

“ಕೊರಗಣ್ಣ ಹೇಳ್ದ. ಅದನ್ನ ತಲೆಕೆಳಗಾಗಿ ಕೂರ್ಸಿದ್ದಂತೆ ಹೌದಾ?” ಭೈರಮ್ಮನ ಧ್ವನಿಯಲ್ಲಿ ಭಕ್ತಿಯಿತ್ತು. “ಹಂಗಂದ್ರೆ ಕಾಲು ಮುಂದಾಗಿ ಹುಟ್ಟಿದ್ದು ಮೇಷ್ಟ್ರೇ. ನಮ್ಮ ಪೈಕಿದು!”

“ಭೈರಮ್ಮ, ಒಂದು ಪ್ರಯೋಗದಿಂದ ಏನೂ ಸಾಬೀತಾಗೋದಿಲ್ಲ.”

“ಅದಕ್ಕೇ ಅಲ್ವಾ ಇನ್ನೂ ಏಳು ಜನ ಬಂದಿರೋದು.”

ಉತ್ತರ ಕೊಡಲೆಂದು ರೇಣುಕಾಪ್ರಸಾದ್ ಮೈ ತಿರುಚಿ ಹೊರಗೆ ಬರಹೊರಟರು. ಅರ್ಧಕ್ಕೆ ಬಂದಾಗ ಸೊಂಟದಲ್ಲಿ ಏನೋ ಹಿಡಿದುಕೊಂಡಿತು. ಕೊರಗಣ್ಣ ಕಾಲು ಹಿಡಿದು ಎಳೆದು ನಿಲ್ಲಿಸಿದಾಗ ಅವರು ನಿಂತದ್ದು ಬೆಳಿಗ್ಗೆ ಯಮುನಮ್ಮನವರು ನಿಂತ ಹಾಗೆಯೇ.

ಭೈರಮ್ಮ ಹಿಂದುಮುಂದು ನೋಡದೆ ಎಡಹಿಮ್ಮಡಿಯಿಂದ ಮೂರು ಸಲ ತಾಗಿಸಿದಳು. ಏನೂ ಆಗಲಿಲ್ಲ. “ಕಾರು ಹಿಡಿಸಿದ ಉಳುಕನ್ನ ಕಾರೇ ಬಿಡಿಸ್ಬೇಕು,” ಎಂದು ತೀರ್ಪು ಕೊಟ್ಟಳು. ಏಳೂ ಜನ ಒಪ್ಪಿ, ಉಪನ್ಯಾಸಕರೆಂಬ ಗೌರವಕ್ಕೆ ಅವರಿಗೇ ಮೊದಲ ಸರದಿ ಬಿಟ್ಟುಕೊಟ್ಟರು. ಜಾಕ್ ಇಳಿಸಿ, ಅವರನ್ನು ಎಡಗಡೆ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದರು. ಆಮೇಲೆ ಎಲ್ಲರೂ ಬಲಗಡೆ ಸೀಟು ನೋಡಿದರು.

ಕೊರಗಣ್ಣ ಪ್ರಯತ್ನಪಟ್ಟ. ಒಂದು ಮೊಣಕಾಲು ಸ್ಟೇರಿಂಗಿಗೆ ಸಿಕ್ಕಿಕೊಂಡಿತು, ಇನ್ನೊಂದು ಕಾಲು ಹೊರಗೇ ಉಳಿಯಿತು. ಭೈರಮ್ಮನಿಗೆ ಡ್ರೈವಿಂಗ್ ಬಾರದು. ಉಳಿದ ಏಳು ಜನರಿಗೂ ಸೊಂಟ. ಅಷ್ಟು ತಗ್ಗಿನಲ್ಲಿ ಕೂತು ಕ್ಲಚ್ಚು ಒತ್ತುವ ಸ್ಥಿತಿಯಲ್ಲಿ ಒಬ್ಬರೂ ಇರಲಿಲ್ಲ.

ಐದು ನಿಮಿಷದ ನಂತರ, ಆ ಕಾರು ಓಡಿಸಿ ಗೊತ್ತಿದ್ದ ಒಬ್ಬರೇ ಒಬ್ಬರಾದ ರೇಣುಕಾಪ್ರಸಾದ್ ಬಲಗಡೆ ಸೀಟಿನಲ್ಲಿದ್ದರು. ಎಡಗಡೆ ಕಮ್ಮರಡಿಯ ಗಣಪಯ್ಯನವರು ಕೈ ಮುಗಿದು ಕೂತು, “ಹಂಪು ಹರಿಹರಪುರದಿಂದ ಈಚೆಗೋ ಆಚೆಗೋ?” ಎಂದು ವಿಚಾರಿಸುತ್ತಿದ್ದರು. ರೇಣುಕಾಪ್ರಸಾದ್ ಜೇಬಿನಿಂದ ಫೋನು ತೆಗೆದು ಬಾಳೆಹೊನ್ನೂರಿಗೆ ಹಚ್ಚಿದರು.

“ಪ್ರದೀಪ್, ಕಾರು ಕೊಟ್ಟುಬಿಡ್ತೀನಪ್ಪ. ಈಗಲೇ ಬಾ. ನೀನು ಎಷ್ಟು ಕೊಟ್ರೂ ಸರಿ.”

“ಅಯ್ಯಯ್ಯೋ, ಬೇಡ ಸರ್, ಬೇಡ! ಅದನ್ನ ಮಾರ್ಬೇಡಿ. ವಿಡಿಯೋ ನೋಡಿ ಕೊರಗಣ್ಣನ್ನ ವಿಚಾರಿಸ್ದೆ, ನಿಮಗೂ ನಾನೇ ಫೋನ್ ಮಾಡ್ಬೇಕು ಅಂತಿದ್ದೆ. ನಮ್ಮಪ್ಪಂಗೆ ಎರಡು ವರ್ಷದಿಂದ ಸೊಂಟ. ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಕರ್ಕೊಂಡು ಬರ್ಲಿ?” ಪ್ರದೀಪ ದನಿ ತಗ್ಗಿಸಿದ. “ಮತ್ತೆ ಸರ್... ಆ ಎಡಗಡೆ ತಿರುಪು ಮುಟ್ಟಿಲ್ಲ ತಾನೆ?”

ರೇಣುಕಾಪ್ರಸಾದ್ ಫೋನು ಇಟ್ಟು, ಕ್ಲಚ್ಚು ಒತ್ತಿ, ಮೊದಲ ಗೇರು ಹಾಕಿದರು.

ಆ ಕಾರಿನ ನಲವತ್ತಮೂರನೆಯ ‘ಅಯ್ಯೋ’ ಬಂದದ್ದು ಬಲಗಡೆ ಸೀಟಿನಿಂದ.