ಸೊಸೆಯ ರೋಡ್ ಬೈಕು

ಮನೆಗೆ ಹೊಸ ವಸ್ತು ತರುವುದೆಂದರೆ ನಮ್ಮಲ್ಲಿ ಒಂದಲ್ಲ ಒಂದು ಫಜೀತಿ ಗ್ಯಾರಂಟಿ. ಮರೆಯಬಾರದೆಂದು ಆಗಿಂದಾಗಲೇ ಬರೆದಿಡುವುದು ನನ್ನ ಪದ್ಧತಿ. ಈ ಸಲದ್ದು ಸೊಸೆಯ ಸೈಕಲ್ಲು. ಸೂರತ್‌ನಲ್ಲಿ ಬೆಳೆದ ಹುಡುಗಿ, ಗುಡ್ಡದ ಕಲ್ಲುದಾರಿಯಲ್ಲಿ ಮೌಂಟನ್ ಬೈಕ್ ಓಡಿಸುವವಳು. ನಾವಿರುವ ಅಹಮದಾಬಾದಿನಿಂದ ವಡೋದರಾಕ್ಕೆ ಹೊರಟಿದ್ದ ಸೈಕಲ್ ತಂಡಕ್ಕೆ ಸೇರಲು ಅವಳಿಗೆ ಆಸೆ. ತಂಡದ ನಾಯಕ ಮೂಗು ಮುರಿದ: "ಗುಡ್ಡದವರಿಗೆ ರೋಡ್ ಆಗಿಬರಲ್ಲ. ಭಾನುವಾರ ರೋಡ್ ಬೈಕ್ ತಗೊಂಡು ಟ್ರಯಲ್‌ಗೆ ಬನ್ನಿ, ನೋಡೋಣ."

ನಮ್ಮ ಸೊಸೆಗೆ ಟ್ರಯಲ್ಲೇ!

೧. ಗೇರ್

ಬಿ.ಎಸ್ಸಿ. ಓದಿದವಳು ನಾನು, ಸೈಕಲ್ ಅಂಗಡಿಗೆ ಗುಜರಾತಿಯಲ್ಲೇ ಫೋನ್ ಮಾಡಿದೆ. "ಗೇರ್ ಛೇ?" ಅಂದರೆ, ಗೇರ್ ಇದೆಯೇ?

"ಇಲ್ಲ ಬೆನ್, ಯಜಮಾನರು ಅಂಗಡಿಯಲ್ಲೇ ಇದ್ದಾರೆ," ಎಂದ ಅಂಗಡಿಯ ಹುಡುಗ.

ಗುಜರಾತಿಯಲ್ಲಿ 'ಘರ್' ಎಂದರೆ 'ಮನೆ', 'ಘೇರ್' ಎಂದರೆ 'ಮನೆಯಲ್ಲಿ' ಎಂಬುದು ನನಗೆ ಆ ಕ್ಷಣ ಹೊಳೆಯಲಿಲ್ಲ. "ಅದಲ್ಲ, ಎಷ್ಟು ಗೇರ್ ಇದೆ?"

"ಒಂದೇ. ಮಣಿನಗರದಲ್ಲಿ."

"ಒಂದೇನಾ? ಮತ್ತೆ ಮೇಲೆ ಹತ್ತೋದು ಹೇಗೆ?"

"ಲಿಫ್ಟ್ ಇದೆ, ಬೆನ್."

೨. ನೀರುದೋಸೆ

ಕೊನೆಗೆ ನವರಂಗಪುರದ ಅಂಗಡಿಗೆ ನಾವೇ ಹೋದೆವು. ಸೇಲ್ಸ್‌ಮನ್ ತೀರಾ ಸಪೂರ ಟೈರಿನ ಸೈಕಲ್ಲೊಂದನ್ನು ಮುಂದೆ ತಂದ. "ಮೇಡಂ, ಇದೇ ಫಾಸ್ಟ್." ಸೊಸೆ ಮರುಳಾಗಲಿಲ್ಲ. ಚೌಕಟ್ಟಿನ ಸಂದಿಗೆ ಬೆರಳು ಹಾಕಿ, ಇನ್ನೂ ಅಗಲದ ಟೈರ್ ಹಿಡಿಯುತ್ತದೆಯೇ ಎಂದು ನೋಡಿದಳು. ಬ್ರೇಕ್ ಒತ್ತಿ ನೋಡಿದಳು. ನನಗೆ ಎದೆಯುಬ್ಬಿತು.

ಉಡುಪಿ ಹೋಟೆಲ್ ನಡೆಸುವ ನಮ್ಮವರು ಟೈರ್ ಹಿಸುಕಿ ತೀರ್ಪು ಕೊಟ್ಟರು. "ಇದು ನೀರುದೋಸೆ. ಹೊಂಡಕ್ಕೆ ಬಿದ್ದರೆ ಹರಿಯುತ್ತದೆ. ನಿನ್ನ ಹಳೆಯದು ಸೆಟ್‌ದೋಸೆ."

"ಎರಡೂ ಬೇಡ ಮಾವ, ಬೀಚ್‌ವಾಲಾ ಬೇಕು. ನಡುವಿನದು," ಎಂದಳು ಅವಳು.

ಇವರು ಸೇಲ್ಸ್‌ಮನ್ ಕಡೆ ತಿರುಗಿ ಗತ್ತಿನಿಂದ, "ಭಾಯ್, ಏಕ್ ಸಾದಾ ದೋಸಾ!" ಎಂದರು.

"ಅಂಕಲ್, ಅದು ಎದುರುಗಡೆ ಅಂಗಡಿಯಲ್ಲಿ ಸಿಗುತ್ತೆ."

೩. ಬಗ್ಗಿದ ಹ್ಯಾಂಡಲ್

ನಡು ಅಗಲದ ಟೈರಿನ ಸೈಕಲ್ಲೇ ಸ್ಯಾಟಲೈಟ್ ಬಡಾವಣೆಯ ನಮ್ಮ ವಸತಿ ಸೊಸೈಟಿಗೆ ಬಂತು. ಕುಂಕುಮ ಹಚ್ಚುತ್ತಿದ್ದಾಗ ಪಕ್ಕದ ಮನೆಯಾಕೆ ಬಂದು, ಕೆಳಗೆ ಬಾಗಿದ ಹ್ಯಾಂಡಲ್ ಸವರಿ, "ಅಯ್ಯೋ, ಮೊದಲ ದಿನವೇ ಬಿದ್ದಳಾ?" ಎಂದು ಕೇಳಿದರು.

"ಇಲ್ಲಪ್ಪ, ರೋಡ್ ಬೈಕ್ ಇರುವುದೇ ಹೀಗೆ," ಎಂದೆ ಹೆಮ್ಮೆಯಿಂದ.

ಅವರ ಮುಖ ಬಿಳಿಚಿಕೊಂಡಿತು. "ಹೌದಾ? ನಮ್ಮ ಅಳಿಯನ ಸೈಕಲ್ಲಿನದನ್ನು ನಾವು ವೆಲ್ಡಿಂಗ್‌ನವನ ಹತ್ತಿರ ನೇರ ಮಾಡಿಸಿಬಿಟ್ಟೆವಲ್ಲ!"

೪. ಗುರು ಯಾರು?

ಭಾನುವಾರ ತಂಡದ ಹಿಂದೆ ಕಾರಿನಲ್ಲಿ ನಾವಿಬ್ಬರೂ ಹೊರಟೆವು. ನುಣುಪು ರಸ್ತೆಯಲ್ಲಿ ಸೊಸೆ ಕೊನೆಯವಳು. ನಾಯಕ ತಿರುತಿರುಗಿ ನೋಡಿ ನಗುತ್ತಿದ್ದ. ಅಷ್ಟರಲ್ಲಿ ಪೈಪಿಗಾಗಿ ಅಗೆದ ರಸ್ತೆ ಬಂತು, ಪೂರಾ ಜಲ್ಲಿ. ತೆಳು ಟೈರಿನವರೆಲ್ಲ ಇಳಿದು, ಮದುವೆಮನೆಯ ಹಂಡೆ ಹೊರುವವರಂತೆ ಸೈಕಲ್ ಹೆಗಲಿಗೇರಿಸಿದರು. ಪೆಡಲಿಗೆ ಸಿಕ್ಕಿಸುವ ಲೋಹದ ಅಡಿಯ ಶೂ ಜಾರಿ ನಾಯಕ ಜಲ್ಲಿಯ ಮೇಲೆ ಪದ್ಮಾಸನ ಹಾಕಿದ. ನಮ್ಮ ಹುಡುಗಿ ಪೆಡಲ್ ಮೇಲೆ ಎದ್ದುನಿಂತು, ಮಂಡಿ ಬಗ್ಗಿಸಿ, ಎಲ್ಲರನ್ನೂ ದಾಟಿ ಆಚೆ ತುದಿಯಲ್ಲಿ ನೀರು ಕುಡಿಯುತ್ತಾ ನಿಂತಳು.

ನಾಯಕ ಧೂಳು ಕೊಡವಿಕೊಂಡು ನಮ್ಮ ಕಾರಿನ ಬಳಿ ಬಂದ. "ಮಾಸಿ, ವಡೋದರಾಕ್ಕೆ ಇವರು ಬೇಕೇ ಬೇಕು. ಇದನ್ನೆಲ್ಲ ಕಲಿಸಿದ್ದು ಯಾರು?"

ಸೈಕಲ್ ಮುಟ್ಟಿಯೂ ಗೊತ್ತಿಲ್ಲದ ನಾನು ಸೆರಗು ಸರಿಮಾಡಿಕೊಂಡೆ. "ಸೊಸೆಗೆ ಕಲಿಸುವವರು ಯಾರಪ್ಪ? ಅತ್ತೆ!"

ಆತ ಕೈಮುಗಿದ. "ಹಾಗಾದರೆ ನೀವೂ ಬರಲೇಬೇಕು. ಯಾವ ಸೈಕಲ್ ತರಿಸಲಿ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಸ್ಟೀರಿಂಗ್ ಹಿಂದಿನಿಂದ ಹೇಳಿದರು: "ಮೂರು ಚಕ್ರದ್ದು. ಮುಂದೆ ಡ್ರೈವರ್ ಇರಬೇಕು, ಮೀಟರ್ ಸರಿ ಇರಬೇಕು."